ತೆವಳುವ ಲ್ಯಾಪ್‌ಟಾಪು, ಹೆಂಡತಿಯ ವೈವಾ

ನಮ್ಮ ಮನೆಯ ಲ್ಯಾಪ್‌ಟಾಪು ನಿಧಾನವಾಗಿದೆ ಎಂದು ನನ್ನ ಹೆಂಡತಿ ಮೊದಲ ಸಲ ಹೇಳಿದಾಗ ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ನಿಧಾನ ಅನ್ನುವುದು ನಮ್ಮಲ್ಲಿ ದೂರು ಕೊಡುವಂಥ ಸಂಗತಿಯೇ ಅಲ್ಲ. ನಲ್ಲಿಯಲ್ಲಿ ನೀರು ನಿಧಾನ, ಶಾಲೆಗೆಂದು ನಾನು ದಿನಾ ಹತ್ತುವ ಕೆ.ಆರ್. ಪೇಟೆ ಬಸ್ಸು ನಿಧಾನ, ನಮ್ಮ ಸೋದರಮಾವ ಊಟಕ್ಕೆ ಕೂತರೆ ಬಾಳೆಲೆ ಬಾಡುವಷ್ಟು ನಿಧಾನ. ಇವುಗಳ ಜೊತೆಗೆ ಇನ್ನೊಂದು ಸೇರಿತು ಅಂದುಕೊಂಡೆ.

ಅವಳ ಅವಸರ ಏನು ಅನ್ನುವುದು ನನಗೆ ಆಮೇಲೆ ತಲೆಗೆ ಹೋಯಿತು. ಹತ್ತೊಂಬತ್ತಕ್ಕೆ ನನ್ನನ್ನು ಮದುವೆಯಾಗಿ ಓದು ಬಿಟ್ಟಿದ್ದವಳು, ಮಗಳು ನರ್ಸಿಂಗ್ ಓದಲು ನಾಗಮಂಗಲದ ಕಡೆ ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲೇ ಕೂತು ಕನ್ನಡ ಎಂ.ಎ. ಓದತೊಡಗಿದ್ದಳು. ಬಿ.ಎ. ಅದಕ್ಕೂ ಮುಂಚೆ, ಮಗಳ ಹೋಂವರ್ಕಿನ ಜೊತೆಜೊತೆಗೇ ಮುಗಿಸಿಕೊಂಡಿದ್ದಳು. ಈಗ ಉಳಿದಿದ್ದು ಕೊನೆಯ ಮೆಟ್ಟಿಲು. ಪಾಂಡವಪುರದ ಸುತ್ತಲಿನ ಹೊಲಗದ್ದೆಗಳ ಹೆಸರುಗಳ ಮೇಲೆ ಒಂದು ಕಿರುಪ್ರಬಂಧ ಬರೆದಿದ್ದಳು. ಅದರ ವೈವಾ, ಅಂದರೆ ಮೌಖಿಕ ಪರೀಕ್ಷೆ, ಒಂದು ಗುರುವಾರ ಹನ್ನೊಂದು ಗಂಟೆಗೆ ವಿಡಿಯೋ ಕರೆಯಲ್ಲಿ ನಡೆಯುವುದಿತ್ತು. ಗದ್ದೆಗಳ ಫೋಟೊ, ತಾನೇ ಬರೆದ ನಕ್ಷೆ ಎಲ್ಲವನ್ನೂ ಪರದೆಯ ಮೇಲೆ ತೋರಿಸುತ್ತ ಮಾತಾಡಬೇಕಾದ್ದರಿಂದ ಫೋನು ಸಾಲದು, ಕಂಪ್ಯೂಟರೇ ಬೇಕು ಎಂದು ಅವಳ ಮಾರ್ಗದರ್ಶಕರು ಹೇಳಿದ್ದರು. ಅವತ್ತು ತಪ್ಪಿದರೆ ಮುಂದಿನ ವರ್ಷ.

ಎಂಟು ದಿನ ಮುಂಚೆ ಮಾರ್ಗದರ್ಶಕರು ಅಭ್ಯಾಸಕ್ಕೆಂದು ಒಂದು ಕರೆ ಇಟ್ಟುಕೊಂಡರು. ಇವಳು ನಮಸ್ಕಾರ ಅಂದಳು. ಅದು ಅವರಿಗೆ ತಲುಪುವಷ್ಟರಲ್ಲಿ ಅವರು ನಾಲ್ಕು ಸಲ ಹಲೋ ಅಂದಿದ್ದರು. ಮೊದಲ ಫೋಟೊ ತೆರೆಯಲು ಹೋದಾಗ ಪರದೆಯ ಮೇಲೆ ಅವಳ ಮುಖ ಅರ್ಧ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟಿತು. "ಹೀಗಾದರೆ ಕಷ್ಟವಲ್ಲಮ್ಮಾ" ಎಂದು ಅವರು ಹೇಳಿದ್ದು ಎರಡು ತುಂಡಾಗಿ ಬಂತು. ಅವಳು ಮುಚ್ಚಳ ಮುಚ್ಚಿ, ಒಳಗೆ ಹೋಗಿ ರಾಗಿಹಿಟ್ಟನ್ನು ಜರಡಿ ಹಿಡಿಯತೊಡಗಿದಳು. ಅಳು ಬಂದಾಗ ಅವಳು ಜರಡಿ ಹಿಡಿಯುತ್ತಾಳೆ. ಹಿಟ್ಟು ಬೆಳಿಗ್ಗೆಯೇ ಜರಡಿ ಹಿಡಿದದ್ದಾಗಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವಿದ್ಯುತ್ತಿನ ಪಾಠವನ್ನು ಪುಸ್ತಕ ನೋಡದೆ ಮಾಡುವವನು. ನನ್ನ ಮನೆಯ ಯಂತ್ರ ನನ್ನ ಹೆಂಡತಿಯನ್ನು ಅಳಿಸುವುದೆಂದರೇನು? ಪಂಚೆ ಎತ್ತಿ ಕಟ್ಟಿ ಕೂತೆ. ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆದು ನೋಡಿದರೆ ವಿಷಯ ಅಲ್ಲೇ ಬರೆದಿತ್ತು. ಪ್ರೊಸೆಸರಿನ ನಿಗದಿತ ವೇಗ ೨.೪೦ ಗಿಗಾಹರ್ಟ್ಜ್. ಸದ್ಯ ಓಡುತ್ತಿರುವ ವೇಗ ೦.೩೯. ನೂರು ಕಿಲೋ ಮೂಟೆ ಹೊರುವ ಹಮಾಲಿ ಹದಿನಾರು ಕಿಲೋ ಹೊತ್ತು ನಿಂತಿದ್ದ. ನಾನು ಏನು ಒತ್ತಿದರೂ ಆ ೦.೩೯ ಮಾತ್ರ ಅಲ್ಲಾಡಲಿಲ್ಲ.

ವೈರಸ್ಸು ಇರಬೇಕೆಂದು ಮೊದಲ ದಿನ ಅದನ್ನು ಹುಡುಕಿಸಿದೆ. ಹುಡುಕುವ ಕೆಲಸವೇ ರಾತ್ರಿ ಊಟದವರೆಗೆ ನಡೆದು, ಏನೂ ಇಲ್ಲ ಅಂತು. ಮಾರನೆಯ ದಿನ ಪವರ್ ಸೆಟ್ಟಿಂಗಿನಲ್ಲಿ ಗರಿಷ್ಠ ಸಾಮರ್ಥ್ಯ ಎಂಬುದನ್ನು ಆರಿಸಿದೆ. ಲ್ಯಾಪ್‌ಟಾಪು ಅದನ್ನು ಒಪ್ಪಿಕೊಂಡು ೦.೩೯ರಲ್ಲೇ ಉಳಿಯಿತು, ಹೂಂ ಸಾರ್ ಅಂದು ಕೂತಲ್ಲೇ ಕೂರುವ ನನ್ನ ಕೊನೆಬೆಂಚಿನವರ ಹಾಗೆ. ಮೂರನೆಯ ದಿನಕ್ಕೆ ನನಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದರೆ ನನಗೆ ಒಬ್ಬ ಅಪರಾಧಿ ಬೇಕು.

"ಅಡುಗೆಮನೇಲಿ ಇಟ್ಕಂಡು ಟೈಪ್ ಮಾಡ್ತೀಯಲ್ಲ, ಒಗ್ಗರಣೆ ಹೊಗೆಯೆಲ್ಲಾ ಒಳಕ್ಕೋಗಿ ಫ್ಯಾನು ಕಟ್ಕಂಡದೆ. ಬಿಸಿ ಆಚೆಗೋಗ್ದೆ ಪ್ರೊಸೆಸರು ಎದ್ರಿ ನಿಧಾನ ಆಯ್ತದೆ" ಅಂದೆ. ಶಾಖದ ಪಾಠವನ್ನೂ ಸ್ವಲ್ಪ ಮಾಡಿದೆ.

"ಬಿಸಿ ಏನೂ ಆಗಕಿಲ್ಲ ಕಣ್ರೀ, ಮುಟ್ನೋಡಿ" ಅಂದಳು. ನಾನು ಮುಟ್ಟಿ ನೋಡಲಿಲ್ಲ. ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ತಂದು ಬಿಚ್ಚಿದೆ. ಫ್ಯಾನಿನಲ್ಲಿ ಒಂದು ಚಿಟಿಕೆ ಧೂಳಿತ್ತು, ಅಷ್ಟೆ. ಸೈಕಲ್ ಪಂಪಿನಿಂದ ಊದಿ, ಮತ್ತೆ ಮುಚ್ಚಿದಾಗ ಒಂದು ಸ್ಕ್ರೂ ಹೊರಗೇ ಉಳಿಯಿತು. ಅದನ್ನು ಜೇಬಿಗೆ ಹಾಕಿಕೊಂಡೆ. ಅಷ್ಟಕ್ಕೇ ಬಿಡದೆ, ಗಾಳಿಯಾಡಲೆಂದು ಲ್ಯಾಪ್‌ಟಾಪನ್ನು ನಾಲ್ಕು ತೆಂಗಿನ ಚಿಪ್ಪುಗಳ ಮೇಲೆ ಕೂರಿಸಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟೆ. ಅವಳು ಕಿವಿಗೆ ಶಾಲು ಸುತ್ತಿಕೊಂಡು ಟೈಪ್ ಮಾಡಿದಳು. ವೇಗ ೦.೩೯.

ಆಗಲೇ ಅವಳು ಇನ್ನೊಂದು ಮಾತು ತೆಗೆದದ್ದು. "ಆನ್ ಮಾಡ್ದಾಗ ಇಂಗ್ಲಿಷ್ನಲ್ಲಿ ಏನೋ ಬರ್ತದೆ ಕಣ್ರೀ, ಚಾರ್ಜರ್ದು ಏನೋ…"

"ಅದೆಲ್ಲಾ ಬರ್ತಾ ಇರ್ತದೆ ಬುಡು. ಯಾವ್ದಾರ ಒಂದು ಬಟನ್ ಒತ್ತಿ ಮುಂದಕ್ಕೋಗು" ಅಂದೆ.

ಅವಳು ಹಾಗೆಯೇ ಮಾಡಿದಳು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಶನಿವಾರ ಶ್ರೀರಂಗಪಟ್ಟಣದ ಒಂದು ಅಂಗಡಿಗೆ ಒಯ್ದರೆ, ಅವನು ತಿರುಗಿಸಿ ನೋಡಿ, ಇದಕ್ಕೆ ವಯಸ್ಸಾಗಿದೆ, ಹೊಸದು ತಗೊಳ್ಳಿ ಅಂದ. ನನಗೂ ವಯಸ್ಸಾಗಿದೆ, ನನ್ನನ್ನೇನೂ ಯಾರೂ ಬದಲಾಯಿಸಿಲ್ಲ ಎಂದು ಹೇಳಿ ಬಂದೆ. ಪಕ್ಕದ ಮನೆಯಲ್ಲಿ ಒಂದು ಲ್ಯಾಪ್‌ಟಾಪಿದೆ, ಒಂದು ದಿನಕ್ಕೆ ಕೇಳುತ್ತೇನೆ ಅಂದಳು ಹೆಂಡತಿ. ನಾನು ಬಿಡಲಿಲ್ಲ. ವಿಜ್ಞಾನದ ಮೇಷ್ಟ್ರ ಮನೆಯಿಂದ ಕೇಳಿಕೊಂಡು ಹೋದರೆ ಮರ್ಯಾದೆಯೇನು ಉಳಿಯಿತು? ಅವಳ ವೈವಾಕ್ಕಿಂತ ನನ್ನ ಮರ್ಯಾದೆ ದೊಡ್ಡದಾಗಿತ್ತೆಂದು ಈಗ ಬರೆಯುವುದು ಸುಲಭ. ಆಗ ಹಾಗೆ ಕಾಣಿಸಿರಲಿಲ್ಲ.

ಮಂಗಳವಾರ ಅವಳೇ ಲ್ಯಾಪ್‌ಟಾಪನ್ನು ಚಾರ್ಜರಿನ ಸಮೇತ ಚೀಲಕ್ಕೆ ಹಾಕಿಕೊಂಡು, ಸಂಜೆ ಶಾಲೆ ಬಿಡುವ ಹೊತ್ತಿಗೆ ಕೆ.ಆರ್. ಪೇಟೆಗೆ ಬಂದಿಳಿದಳು. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ರಿಪೇರಿಯವರಿದ್ದಾರೆ. ಮೊದಲು ರೇಡಿಯೋ, ಆಮೇಲೆ ಟಿ.ವಿ., ಈಗ ಲ್ಯಾಪ್‌ಟಾಪು. ಅಂಗಡಿಯ ಗೋಡೆಯ ತುಂಬ ಮೂರೂ ಕಾಲದ ಅಸ್ಥಿಪಂಜರಗಳು. ನಾನು ವೈರಸ್ಸಿನಿಂದ ಹಿಡಿದು ತೆಂಗಿನ ಚಿಪ್ಪಿನವರೆಗೆ ಎಲ್ಲವನ್ನೂ ವಿವರಿಸಿದೆ. ಅವರು ಕೇಳಿಸಿಕೊಂಡು, ನನ್ನ ಹೆಂಡತಿಯ ಕಡೆ ತಿರುಗಿದರು.

"ದಿನಾ ಇದ್ರ ಮುಂದೆ ಕೂರೋರು ಯಾರು, ನೀವಾ? ನೀವೇಳಿ ತಾಯಿ."

"ಆನ್ ಮಾಡ್ದಾಗ ಇಂಗ್ಲಿಷ್ನಲ್ಲಿ ಚಾರ್ಜರ್ ಗೊತ್ತಾಯ್ತಿಲ್ಲ ಅಂತ ಬರ್ತದೆ. ನಾನು ಬಟನ್ ಒತ್ತಿ ಮುಂದಕ್ಕೋಯ್ತೀನಿ" ಅಂದಳು.

"ಬ್ಯಾಟ್ರಿ?"

"ಅದು ಸತ್ತು ಎರಡು ವರ್ಸ ಆಯ್ತು. ಯಾವಾಗ್ಲೂ ಕರೆಂಟ್ಗೆ ಆಕಿರ್ತೀವಿ."

ಅವರು ಲ್ಯಾಪ್‌ಟಾಪನ್ನು ಬದಿಗಿಟ್ಟು ಚಾರ್ಜರನ್ನು ಎತ್ತಿಕೊಂಡರು. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಅದರ ತುದಿ ಒಂದು ಸಣ್ಣ ಕೊಳವೆಯಂತಿದ್ದು, ನಡುವೆ ಸೂಜಿಯಂಥ ಒಂದು ಕಡ್ಡಿ ಇರುತ್ತದೆ. ಕರೆಂಟು ಬರುವುದು ಕೊಳವೆಯಿಂದ. ತಾನು ಎಷ್ಟು ಕರೆಂಟು ಕೊಡಬಲ್ಲೆನೆಂದು ಚಾರ್ಜರು ಲ್ಯಾಪ್‌ಟಾಪಿಗೆ ಹೇಳುವುದು ಆ ಕಡ್ಡಿಯಿಂದ.

"ಕಡ್ಡಿ ಮುಟ್ದೇ ಇದ್ರೆ ಚಾರ್ಜರ್ ಯಾರು ಅಂತ ಇದ್ಕೆ ಗೊತ್ತಾಗಕಿಲ್ಲ ಮೇಷ್ಟ್ರೆ. ಗುರುತಿಲ್ದೋರ ಮನೇಲಿ ಉಣ್ಣಕ್ಕೆ ಕೂತಂಗೆ, ಒಂದು ತುತ್ತು ತಿಂದು ಸಾಕು ಅಂತದೆ. ಅದ್ಕೇ ಇಂಗೆ ತೆವಳ್ತಾ ಐತೆ" ಅಂದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೊಳವೆಯೊಳಗೆ ಸೂಜಿ ಆಡಿಸಿದರು. ಒಳಗಿನಿಂದ ಒಣಗಿದ ಪುಡಿ ಮೇಜಿನ ಮೇಲೆ ಉದುರಿತು. ಸ್ವಲ್ಪ ಬೆಳ್ಳಗೆ, ಸ್ವಲ್ಪ ಕೆಂಪಗೆ. ಅವರು ಅದನ್ನು ಮೂಸಿ ನೋಡಿದರು.

"ಗಂಧ. ಯಾರು ಇಕ್ಕಿದ್ದು?"

ಹೆಂಡತಿ ನನ್ನ ಕಡೆ ನೋಡಲೇ ಇಲ್ಲ. ಗೋಡೆಯ ಮೇಲಿನ ರೇಡಿಯೋಗಳನ್ನು ಎಣಿಸುತ್ತಿದ್ದಳು.

ಇಕ್ಕಿದ್ದು ನಾನು. ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಹೆಂಗಸರು ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಜೋಡಿಸುತ್ತಾರೆ. ಗಂಧ ಕುಂಕುಮ ಇಡುವುದು ಗಂಡಸರ ಕೆಲಸ. ನಮ್ಮಪ್ಪ ಅದಕ್ಕೊಂದು ನಿಯಮ ಮಾಡಿದ್ದರು: ಬೊಟ್ಟು ಹಿಡಿಗೆ ಇಡಬಾರದು, ಕೆಲಸ ಮಾಡುವ ತುದಿಗೆ ಇಡಬೇಕು. ನೇಗಿಲಾದರೆ ಗುಳಕ್ಕೆ, ಕುಡುಗೋಲಾದರೆ ಬಾಯಿಗೆ, ಪಂಪ್‌ಸೆಟ್ಟಾದರೆ ನೀರು ಬೀಳುವ ಕಡೆಗೆ. ನಾನು ವಿಜ್ಞಾನದ ಮೇಷ್ಟ್ರಾದರೂ ಅಪ್ಪನ ಮಗ. ಈ ಸಲದ ಪೂಜೆಯಲ್ಲಿ ಚಾರ್ಜರಿಗೆ ಕೆಲಸ ಮಾಡುವ ತುದಿ ಯಾವುದು ಎಂದು ಯೋಚಿಸಿ, ಆ ಕೊಳವೆಯನ್ನು ಗಂಧದ ಬಟ್ಟಲಿಗೆ ಅದ್ದಿ, ಮೇಲೆ ಕುಂಕುಮ ಒತ್ತಿದ್ದೆ. ಇವಳು ಮಾರನೆಯ ದಿನ ಹೊರಭಾಗವನ್ನು ಚೆನ್ನಾಗಿಯೇ ಒರೆಸಿದ್ದಳು. ಒಳಗಿನದು ಒಳಗೇ ಒಣಗಿತ್ತು.

ರಿಪೇರಿಯವರು ಸೂಜಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಕೊಳವೆಯನ್ನು ನಾಲ್ಕು ಸಲ ಒರೆಸಿ ಸಿಕ್ಕಿಸಿದರು. ಇಂಗ್ಲಿಷ್ ಸಾಲು ಬರಲಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ೨.೩೮ ಅಂತ ಕಂಡಾಗ ನನಗೆ ಕುಣಿಯುವಷ್ಟು ಸಂತೋಷವಾಯಿತು. ವಾಪಸು ಬಸ್ಸಿನಲ್ಲಿ ಅವಳು ಚಿಕ್ಕೋನಹಳ್ಳಿಯ ತನಕ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡಿದಳು. ಆಮೇಲೆ, "ಒಗ್ಗರಣೇದು ಏನೂ ತಪ್ಪಿರ್ಲಿಲ್ಲ ಅಲ್ವಾ?" ಎಂದು ಕೇಳಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ.

ಗುರುವಾರ ನಾನು ರಜೆ ಹಾಕಿದೆ. ಅವಳು ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು ಹತ್ತೂವರೆಗೇ ಕೂತಳು. ನನಗೆ ಸಿಕ್ಕ ಆಜ್ಞೆ, ಜಗಲಿ ಬಿಟ್ಟು ಅಲ್ಲಾಡಬಾರದು. ಬಾಗಿಲ ಸಂದಿಯಿಂದ ಕೇಳಿಸಿಕೊಂಡೆ. ಒಂದೊಂದು ಪದವನ್ನೂ ಪುಸ್ತಕದ ಕನ್ನಡದಲ್ಲಿ, ಹಕಾರ ತಪ್ಪದ ಹಾಗೆ ಹೇಳುತ್ತಿದ್ದಳು. ಫೋಟೊಗಳು ಕೇಳಿದ ಕೂಡಲೇ ತೆರೆದುಕೊಂಡವು. ನಾನು ಮನಸ್ಸಿನಲ್ಲೇ ಮೀಸೆ ತಿರುವಿದೆ.

ಆಗ ಪರೀಕ್ಷಕರಲ್ಲಿ ಒಬ್ಬ ಹಿರಿಯ ಹೆಂಗಸು ಕೇಳಿದರು: "ನೀವು ಕೊಟ್ಟಿರುವ ಹೆಸರುಗಳನ್ನೆಲ್ಲ ಗಂಡಸರು ಇಟ್ಟಂತಿದೆ. ಹೆಂಗಸರು ಇಟ್ಟ ಹೆಸರು ಒಂದೂ ಇಲ್ಲವೆ?"

ಒಳಗೆ ಸದ್ದಿಲ್ಲ. ಕಾದೆ. ಇನ್ನೂ ಸದ್ದಿಲ್ಲ. ಬೀದಿಯಲ್ಲಿ ಒಂದು ಟ್ರಾಕ್ಟರು ದೂರದಿಂದ ಬಂದು, ಮನೆ ದಾಟಿ, ತಿರುವಿನಲ್ಲಿ ಮರೆಯಾಯಿತು. ಆದರೂ ಸದ್ದಿಲ್ಲ. ಹ್ಯಾಂಗ್ ಆಯಿತು ಅಂದುಕೊಂಡೆ. ಬನಿಯನ್ ಪಂಚೆಯಲ್ಲೇ ಒಳಗೆ ನುಗ್ಗಿ, ಚಾರ್ಜರಿನ ತುದಿಗೆ ಕೈ ಹಾಕಿದೆ.

ಅವಳು ತಿರುಗದೆಯೇ ಎಡಗೈ ಎತ್ತಿ ನನ್ನನ್ನು ತಡೆದಳು. "ಹ್ಯಾಂಗ್ ಆಗಿಲ್ಲ ಕಣ್ರೀ. ನಾನು ಯೋಚ್ನೆ ಮಾಡ್ತಾ ಇವ್ನಿ" ಅಂದಳು.

ಪರದೆಯ ಮೇಲೆ ಮೂವರೂ ಪರೀಕ್ಷಕರು ಜೀವಂತವಾಗಿದ್ದರು. ಒಬ್ಬರು ಕಾಫಿ ಕುಡಿಯುತ್ತಿದ್ದರು. ಯಾರಿಗೂ ಅವಸರವಿರಲಿಲ್ಲ. ನಾನು ಕ್ಯಾಮೆರಾದಿಂದ ತಪ್ಪಿಸಿಕೊಂಡು ಗೋಡೆಗೆ ಒರಗಿ ನಿಂತೆ.

"ಇದೆ ಮೇಡಂ" ಅಂದಳು ಅವಳು. "ಪಹಣಿಯಲ್ಲಿ ಇಲ್ಲ, ಅದಕ್ಕೇ ನಾನು ಬರೆಯಲಿಲ್ಲ. ಬರೆಯಬೇಕಾಗಿತ್ತು. ನಾಲೆ ಕೆಳಗೆ ನಮ್ಮ ಮನೆಯವರದೇ ಒಂದು ಉದ್ದನೆಯ ಗದ್ದೆ ಇದೆ. ಗಂಡಸರು ಅದನ್ನ ದೊಡ್ಡಗದ್ದೆ ಅಂತಾರೆ. ನಾನು ಮದುವೆಯಾಗಿ ಬಂದ ವರ್ಷ ನಾಟಿಗೆ ಇಳಿದಾಗ ನಮ್ಮತ್ತೆ ಅದರ ಇನ್ನೊಂದು ಹೆಸರು ಹೇಳಿಕೊಟ್ಟರು. ಸೊಂಟಮುರುಕಿ. ಈ ಬದುವಿನಿಂದ ಆ ಬದುವಿಗೆ ನೆಟ್ಟು ಮುಗಿಸೋ ತನಕ ಬೆನ್ನು ಎತ್ತೋ ಹಾಗಿಲ್ಲ. ನಾಟಿಗೆ ಬರೋ ಎಲ್ಲರೂ ಇವತ್ತಿಗೂ ಹಾಗೇ ಅಂತೀವಿ. ಗಂಡಸರ ಮುಂದೆ ಅನ್ನಲ್ಲ."

ಆ ಹಿರಿಯ ಹೆಂಗಸು ಕನ್ನಡಕ ತೆಗೆದು ಬರೆದುಕೊಳ್ಳತೊಡಗಿದರು. ಆ ಗದ್ದೆಯ ಅಕ್ಕಿ ಉಣ್ಣುತ್ತಲೇ ನನಗೆ ಐವತ್ತು ವರ್ಷವಾಯಿತು, ಈ ಹೆಸರು ಒಂದು ಸಲವೂ ಕಿವಿಗೆ ಬಿದ್ದಿರಲಿಲ್ಲ. ಅವ್ವನನ್ನು ಕೇಳೋಣವೆಂದರೆ ಅವ್ವ ತೀರಿಕೊಂಡು ಆರು ವರ್ಷವಾಗಿದೆ.

ಕರೆ ಮುಗಿದಾಗ ಅವಳು ಪಾಸಾಗಿದ್ದಳು. ಅದನ್ನು ಅವರು ಅಲ್ಲೇ ಹೇಳಿದರು. ನಾನು ಶಹಬ್ಬಾಸ್ ಅನ್ನುವುದನ್ನೂ ಮರೆತು, "ಇಷ್ಟು ವರ್ಸ ನಂಗ್ಯಾಕೆ ಏಳ್ಲಿಲ್ಲ?" ಎಂದು ಕೇಳಿದೆ.

"ಎಷ್ಟೋ ಸಲ ಏಳಕ್ಕೆ ಸುರು ಮಾಡಿದ್ದೆ ಕಣ್ರೀ" ಅಂದಳು, ಯಾವ ಸಿಟ್ಟೂ ಇಲ್ಲದೆ. "ಅಷ್ಟ್ರಲ್ಲಿ ನೀವು ಮಾತು ಮುಗಿಸ್ಬುಡ್ತಿದ್ರಿ."

ಏನೋ ಹೇಳಲು ಬಾಯಿ ತೆರೆದೆ. ಅವಳ ಮಾತು ಇನ್ನೂ ಇರಬಹುದು ಅನ್ನಿಸಿ, ಎದುರಿಗಿದ್ದ ಸ್ಟೂಲು ಎಳೆದುಕೊಂಡು ಸುಮ್ಮನೆ ಕೂತೆ.