ಹರಿಗೋಲಿನಲ್ಲಿ ನನ್ನ ಎದುರಿಗಿದ್ದ ಕಲ್ಲು

ದೀಪಾವಳಿ ಕಳೆದ ಮೊದಲ ಶನಿವಾರ ಬೆಳಿಗ್ಗೆ ಆರಕ್ಕೆ ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ನಮ್ಮ ಬಾಡಿಗೆ ಬಸ್ಸು ಹೊರಟಿತು. ನಾಲ್ಕು ಸಂಸಾರ, ಮಕ್ಕಳುಮರಿ, ಎರಡು ಬುಟ್ಟಿ ಜೋಳದ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಒಂದು ಡಬ್ಬಿ ಶೇಂಗಾ ಹಿಂಡಿ, ಮತ್ತು ನಾನು. ತಲೆಗೆ ಮೂರು ರೂಪಾಯಿ. ಸಿರುಗುಪ್ಪದ ಹತ್ತಿರ ತುಂಗಭದ್ರೆ ಬಂಡೆಗಳ ನಡುವೆ ನೊರೆ ಕಟ್ಟಿ ಇಳಿಯುವ ಕಡೆ ಹರಿಗೋಲಿನಲ್ಲಿ ಹೋಗಬೇಕೆಂಬುದು ಗೆಳೆಯ ವೀರಭದ್ರಪ್ಪನ ಹುಚ್ಚು. ಹತ್ತಿ ವ್ಯಾಪಾರಿ, ಹಟ ಹಿಡಿದರೆ ಬಿಡುವ ಪೈಕಿಯಲ್ಲ.

ನೇರ ದಾರಿ ಬಿಟ್ಟು ಕುರುಗೋಡಿನ ಮೇಲೆ ಹೋಗೋಣವೆಂದವನು ನಾನು. ನನ್ನ ಹೆಂಡತಿ ಗೌರಮ್ಮ ಯುಗಾದಿಯಿಂದ ಅಲ್ಲಿ ತವರಿನಲ್ಲಿದ್ದಳು. ಆ ಹಬ್ಬದ ದಿನ ಊಟಕ್ಕೆ ಬಂದಿದ್ದ ಇದೇ ಗೆಳೆಯರ ಎದುರಿಗೆ, ಹೋಳಿಗೆ ಹರಿದುಹೋಯಿತೆಂದು, ಅವಳನ್ನು ಬಾಯಿಗೆ ಬಂದಂತೆ ಬೈದಿದ್ದೆ. ಒಂದು ಹೋಳಿಗೆಗೆ! ನನ್ನ ಬಾಯಿಗಿಷ್ಟು ಮಣ್ಣು ಬೀಳ. ಹೊಳೆ ನೋಡುವ ನೆಪದಲ್ಲಾದರೂ ಕರೆತರಬೇಕೆಂದು, ಶನಿವಾರ ಬರುತ್ತೇವೆ ಎಂದು ಕಾಗದ ಬರೆದಿದ್ದೆ. ಉತ್ತರ ಬಂದಿರಲಿಲ್ಲ.

ಬಸ್ಸು ಅವಳ ಮನೆಯ ಎದುರಿಗೇ ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ತವರಿಗೆ ಹೋದವಳನ್ನು ಗಂಡನೇ ಬಾಗಿಲಿಗೆ ಹೋಗಿ ಕರೆಯುವುದು ನಮ್ಮಲ್ಲಿ ರೂಢಿ. ಆದರೆ ಇಷ್ಟು ಜನರ ಕಣ್ಣೆದುರು ಅವಳು ಒಲ್ಲೆ ಅಂದುಬಿಟ್ಟರೆ? ನಾನು ಏಳಲಿಲ್ಲ. ವೀರಭದ್ರಪ್ಪನ ಹೆಂಡತಿ ಪಾರ್ವತಕ್ಕನಿಗೆ, "ನೀವ ಹೋಗಿ ಕರೀರಿ ಅಕ್ಕಾ" ಎಂದೆ.

"ಅಯ್ಯ, ಗಂಡ ಬಸ್ಸಿನ್ಯಾಗ ಕುಂತು ಹೆಂಡ್ತಿನ್ನ ಕರಸ್ತಾನೇನ್ರಿ?" ಎಂದು ಗೊಣಗುತ್ತಲೇ ಆಕೆ ಇಳಿದರು. ಸ್ವಲ್ಪ ಹೊತ್ತಿಗೆ ಒಬ್ಬರೇ ತಿರುಗಿ ಬಂದು, "ಬರಂಗಿಲ್ಲಂತ" ಅಂದರು. ಬಸ್ಸು ಮುಂದೆ ಹೊರಟಿತು.

ಹೊಳೆಗೆ ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ನಾಲ್ಕು ಹರಿಗೋಲು ಕಾದಿದ್ದವು. ಅಂಬಿಗರ ಹನುಮಪ್ಪ ಗಂಡ ಹೆಂಡಿರನ್ನು ಎದುರುಬದುರು ಕೂರಿಸಿದ, ತೂಕ ಸರಿಹೋಗಬೇಕಂತೆ. ನಾನು ವೀರಭದ್ರಪ್ಪನ ಸಂಸಾರದ ಹರಿಗೋಲು ಹತ್ತಿದೆ, ನನ್ನ ಎದುರು ಜಾಗ ಖಾಲಿ. ದಂಡೆಯಿಂದ ಒಂದು ಗುಂಡುಕಲ್ಲು ಹೊತ್ತು ತಂದು, ಗೋಣಿ ಸುತ್ತಿ, ಅಲ್ಲಿಟ್ಟ.

"ಒಂಟಿ ಆಳಿನ ಎದುರಿಗೆ ಭಾರ ಬೇಕ್ರಿ. ಇಲ್ಲಾಂದ್ರ ಸುಳಿಯಾಗ ಬುಗುರಿ ತಿರುಗಿದಂಗ ತಿರುಗತೈತಿ."

ವೀರಭದ್ರಪ್ಪ ಗಹಗಹಿಸಿ ನಕ್ಕ. "ಭಾಳ ಚಲೋ ಹೆಂಡ್ತಿ ಸಿಕ್ಕಾಳ ನೋಡಲೇ! ಬೈದ್ರೂ ಮಾತಾಡಂಗಿಲ್ಲ, ತವರಿಗೂ ಹೋಗಂಗಿಲ್ಲ."

ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ.

ನಾವೂ ಸರದಿಯಂತೆ ಹುಟ್ಟು ಹಾಕಿದೆವು. ಬಂಡೆಗಳ ಸಂದಿಗೆ ಬಂದೊಡನೆ ನೀರು ಬೆಳ್ಳಗೆ ಕುದಿಯತೊಡಗಿತು. ಹರಿಗೋಲು ಒಮ್ಮೆ ಎದ್ದು, ಧೊಪ್ಪನೆ ಬಿತ್ತು. ಪಾರ್ವತಕ್ಕ ಚೀರಿ ಗಂಡನ ಕೈ ಹಿಡಿದರು. ಮಕ್ಕಳು ಅವರ ಮಡಿಲಿಗೆ ನುಗ್ಗಿದವು. ನಾನು ಕೈ ಚಾಚಿ ಹಿಡಿದದ್ದು ಗೋಣಿ ಸುತ್ತಿದ ಆ ಕಲ್ಲನ್ನು. ದಡ ಮುಟ್ಟಿದ ಮೇಲೆ ಎಲ್ಲರೂ ತೊಯ್ದ ಬಟ್ಟೆಯಲ್ಲೇ ನಗುತ್ತಾ ರೊಟ್ಟಿ ತಿಂದರು. ನನಗೆ ಸೇರಲಿಲ್ಲ. ನಾಳೆ ನಾನೇ ಹೋಗಿ ಕರೆಯಬೇಕೆಂದು ಆಗಲೇ ನಿಶ್ಚಯಿಸಿದೆ.

ಸಿರುಗುಪ್ಪದ ಛತ್ರದಲ್ಲಿ ಉಳಿದು, ಮರುದಿನ ಗೆಳೆಯರೆಲ್ಲ ನೇರ ದಾರಿಯಲ್ಲಿ ಬಳ್ಳಾರಿಗೆ ಹೋದರು. ನಾನು ಬೇರೆ ಬಸ್ಸು ಹಿಡಿದು ಕುರುಗೋಡಿನಲ್ಲಿ ಇಳಿದೆ. ಗೌರಮ್ಮ ಒಳಗೆ ಕರೆದು ನೀರು ಕೊಟ್ಟಳು.

"ತಪ್ಪಾತು. ಮನಿಗೆ ಬಾ" ಎಂದೆ.

"ನಿನ್ನಿ ಟ್ರಂಕು ತುಂಬಿಕೊಂಡು ಪಡಸಾಲ್ಯಾಗ ಕುಂತಿದ್ದೆ. ಬಸ್ಸಿನ ಸಪ್ಪಳ ಕೇಳಿ ಎದ್ದೂ ನಿಂತಿದ್ದೆ" ಎಂದಳು. ದನಿ ಏರಿಸಲಿಲ್ಲ. "ಅವರೆಲ್ಲಾರ ಮುಂದ ಬೈದ್ರಿ. ಅವರೆಲ್ಲಾರ ಮುಂದ ಇಳಿದು ಬಂದು ಕರೀತೀರಿ ಅನ್ಕೊಂಡಿದ್ದೆ. ಇವತ್ತ ಯಾರೂ ಇಲ್ಲದ್ದು ನೋಡಿ ಬಂದೀರಿ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಉಂಡು ಹೋಗ್ರಿ, ಮಧ್ಯಾಹ್ನ ಬಸ್ಸೈತಿ" ಎಂದು ತಟ್ಟೆ ಇಟ್ಟಳು. ತಲೆ ತಗ್ಗಿಸಿ ಉಂಡೆ.

ಮನೆಯ ಎದುರಿಗೇ ಬಳ್ಳಾರಿಯ ಬಸ್ಸು ಸಿಕ್ಕಿತು. ಅದು ಹೊರಟಾಗ ಕಿಟಕಿಯಿಂದ ಹಿಂತಿರುಗಿ ನೋಡಿದೆ. ತೆರೆದ ಬಾಗಿಲೊಳಗೆ ಅವಳು ಟ್ರಂಕಿನಿಂದ ಒಂದೊಂದೇ ಸೀರೆ ತೆಗೆದು ಬಟ್ಟೆ ಹಾಕುವ ಬಿದಿರ ಗಳುವಿನ ಮೇಲೆ ಹಾಕುತ್ತಿದ್ದಳು.