ವರದಿಯ ನಾಲ್ಕನೇ ಸಾಲಿನ ಮುದುಕ

ವಲಸೆ ಕಚೇರಿಯ ವರದಿಯಲ್ಲಿ ನಾಲ್ಕನೇ ಸಾಲು ಹೀಗಿತ್ತು: "ಅಂಗಳದಲ್ಲಿ ಸುಮಾರು ಎಪ್ಪತ್ತು ವರ್ಷದ ಮುದುಕನೊಬ್ಬ ಕಸ ಗುಡಿಸುತ್ತಿದ್ದ."

ತಾಕ್ ಸಂಗ್‌ಪಿಲ್‌ಗೆ ಆಗ ಐವತ್ತೆಂಟು ನಡೆಯುತ್ತಿತ್ತು. ಇವತ್ತಿಗೂ ಆ ಸಾಲು ನೆನಪಾದರೆ ಅವನು ಊಟದ ನಡುವೆ ತಿನ್ನುವ ಕಡ್ಡಿ ಕುಕ್ಕಿ ಎದ್ದುಬಿಡುತ್ತಾನೆ. "ಹನ್ನೆರಡು ವರ್ಷ ಎಲ್ಲಿಂದ ತಂದು ನನ್ನ ತಲೆಗೆ ಕಟ್ಟಿದ ಅವನು?" ಅಂತ ಮಿರ್ಯಾಂಗ್ ಸಂತೆಯಲ್ಲಿ ಸಿಕ್ಕಸಿಕ್ಕವರನ್ನು ಕೇಳುತ್ತಾನೆ. ಹೆಂಡತಿ ಮ್ಯೊಂಗ್‌ಜಾ ಮಾತ್ರ, "ಬೂದಿ ಮೆತ್ಕೊಂಡಿದ್ರೆ ಎಪ್ಪತ್ತೇ ಕಾಣ್ತೀರಿ. ಸ್ನಾನ ಮಾಡಿದ್ರೆ ಅರವತ್ತೈದು" ಅನ್ನುತ್ತಾಳೆ.

ಅವನ ಎರಕದ ಕಾರ್ಖಾನೆ ಊರ ಹೊರಗೆ, ರೈಲು ಹಳಿಯ ಪಕ್ಕ. ಅಪ್ಪನ ಕಾಲದಿಂದಲೂ ಅಲ್ಲಿ ಒಂದೇ ಕೆಲಸ: ಕಬ್ಬಿಣ ಕರಗಿಸಿ ಅನ್ನದ ಹಂಡೆ ಹೊಯ್ಯುವುದು. ಕರೆಂಟಿನ ಕುಕ್ಕರು ಬಂದಮೇಲೆ ಮನೆಗಳು ಹಂಡೆ ಬಿಟ್ಟವು. ಬೌದ್ಧ ಮಠಗಳು, ಕೋಳಿ ಸಾರಿನ ಹೋಟೆಲುಗಳು ಬಿಡಲಿಲ್ಲ. ಹಂಡೆಯ ಹೊಟ್ಟೆ ತೆಳ್ಳಗೆ, ತಳ ದಪ್ಪಗೆ ಬರಬೇಕು. ಅದಕ್ಕೆ ಕರಗಿದ ಕಬ್ಬಿಣದ ಬಣ್ಣ ನೋಡಿ, ಇದೇ ಗಳಿಗೆ ಅಂತ ಅಚ್ಚಿಗೆ ಹೊಯ್ಯಬೇಕು. ಸಂಗ್‌ಪಿಲ್‌ನ ಕಣ್ಣಿಗೆ ಪೊರೆ ಬಂದು, ತೆಗೆಸಿದ ಮೇಲೂ ಆ ಬಣ್ಣ ಮಾತ್ರ ವಾಪಸು ಬರಲಿಲ್ಲ. ಕಿತ್ತಳೆಯೂ ಹಳದಿಯೂ ಅವನಿಗೆ ಒಂದೇ. ಕಾರ್ಖಾನೆಯಲ್ಲಿ ಆ ಗಳಿಗೆ ಕಾಣುತ್ತಿದ್ದದ್ದು ಬಖ್ತಿಯಾರ್ ಒಬ್ಬನಿಗೆ.

ಬಖ್ತಿಯಾರ್ ಉಜ್ಬೆಕಿಸ್ತಾನದವನು, ಫರ್ಗಾನಾ ಕಡೆಯವನು. ಒಂಬತ್ತು ವರ್ಷದ ಹಿಂದೆ ಕೂಲಿ ಪರವಾನಗಿಯ ಮೇಲೆ ಬಂದು ಮರಳು ಹೊತ್ತ, ಅಚ್ಚು ಕಟ್ಟಿದ, ಕೊನೆಗೆ ಕರಗಿದ ಕಬ್ಬಿಣ ಹೊಯ್ಯುವ ಸೌಟು ಹಿಡಿದ. ಆರಡಿ ಆಳು, ಹುರಿಮೀಸೆ, ನಡೆದರೆ ಏನೋ ಒಂದು ಗತ್ತು. ಸಂಗ್‌ಪಿಲ್ ಅವನ ಭುಜದವರೆಗೆ ಬರುತ್ತಿದ್ದ. ಇಬ್ಬರೂ ಹೋಟೆಲಿಗೆ ಹೋದರೆ ನೀರಿನ ಲೋಟ ಮೊದಲು ಬಖ್ತಿಯಾರ್ ಮುಂದೆ ಬರುತ್ತಿತ್ತು. ಅದಕ್ಕೂ ಸಂಗ್‌ಪಿಲ್ ಬೈಯುತ್ತಿದ್ದ, ಹೋಟೆಲಿನವನನ್ನಲ್ಲ, ಬಖ್ತಿಯಾರ್‌ನನ್ನು.

ಆ ಕೂಲಿ ಪರವಾನಗಿ ಅಕ್ಟೋಬರ್ ಕೊನೆಗೆ ಮುಗಿಯುವುದಿತ್ತು. ಆಮೇಲೂ ಇರಬೇಕಾದರೆ ಇದ್ದದ್ದು ಒಂದೇ ದಾರಿ. ಯಜಮಾನನೇ ಮುಂದೆ ನಿಂತು, ಇವನು ಕುಶಲ ಕೆಲಸಗಾರ, ಇವನಿಲ್ಲದೆ ನಡೆಯುವುದಿಲ್ಲ ಅಂತ ಅರ್ಜಿ ಹಾಕಿ ಕುಶಲ ವೀಸಾ ಮಾಡಿಸಬೇಕು. ಸಿಕ್ಕದಿದ್ದರೆ ಬಖ್ತಿಯಾರ್ ವಿಮಾನ ಹತ್ತಬೇಕು, ಕುಲುಮೆ ಆರಬೇಕು.

ಪೇಟೆಯಲ್ಲಿ ಸರ್ಕಾರಿ ಕಾಗದ ಬರೆದುಕೊಡುವ ನಾಮ್ ಮೇಡಂ ಇದ್ದರು. ಅವರು ಹೇಳಿದ ಹಾಗೆ ಮೊದಲು ಊರಿನವರಿಗೇ ಕೆಲಸವಿದೆ ಅಂತ ಜಾಹೀರಾತು ಕೊಟ್ಟದ್ದಾಯಿತು. ಬಂದವನು ಒಬ್ಬ. ಕುಲುಮೆಯ ಬಾಗಿಲಲ್ಲಿ ನಿಂತು, "ಏಸಿ ಎಲ್ಲಿದೆ?" ಅಂದ. ಸಂಗ್‌ಪಿಲ್ ಕುಲುಮೆಯ ಬಾಯಿ ತೋರಿಸಿ, "ಅದರೊಳಗೆ" ಅಂದ. ಹುಡುಗ ಕಾಗದದ ಲೋಟದಲ್ಲಿ ಕೊಟ್ಟ ಕಾಫಿ ಕುಡಿದು ಹೋದವನು ತಿರುಗಿ ಬರಲಿಲ್ಲ.

ಆಮೇಲೆ, ಈ ಕೆಲಸಗಾರ ಯಾಕೆ ಬೇಕು ಅಂತ ಯಜಮಾನ ಕೈಯಾರೆ ಬರೆಯಬೇಕಿತ್ತು. ಸಂಗ್‌ಪಿಲ್ ಶಾಲೆಗೆ ಹೋದದ್ದು ಆರು ವರ್ಷ. ಒಂದು ಗಂಟೆ ಹೆಣಗಿ ಬರೆದ: "ಬೇಕು, ಅದಕ್ಕೆ."

"ಸ್ವಲ್ಪ ಹೊಗಳಿ ಯಜಮಾನ್ರೇ" ಅಂದರು ನಾಮ್ ಮೇಡಂ.

"ಒಂಬತ್ತು ವರ್ಷದಿಂದ ಒಂದು ಸಲ ಹೊಗಳಿಲ್ಲ. ಈಗ ಹೊಗಳಿದ್ರೆ ನನಗೇನೋ ದೊಡ್ಡ ಕಾಯಿಲೆ ಬಂದಿದೆ ಅನ್ಕೋತಾನೆ."

ಕೊನೆಗೆ ಹೊಗಳಿಕೆಯನ್ನು ಅವರೇ ಬರೆದರು, ಇವನು ಮುಖ ಆಚೆ ತಿರುಗಿಸಿ ಮುದ್ರೆ ಒತ್ತಿದ. ಏಳುವಾಗ ಮೇಡಂ ಎರಡು ಮಾತು ಹೇಳಿದರು. "ಅಧಿಕಾರಿ ಹೇಳ್ದೆ ಕೇಳ್ದೆ ಬರ್ತಾರೆ. ಕುಶಲ ಕೆಲಸಗಾರ ಅಂತ ಬರೆದಿದ್ದೀವಿ, ಅವನ ಕೈಲಿ ಪೊರಕೆ ಕಾಣಬಾರ್ದು. ಕಂಡ್ರೆ ಬರೀ ಕೂಲಿ ಅಂತ ಗೀಚ್ಕೊಂಡು ಹೋಗ್ತಾರೆ. ಎರಡನೇದು, ನೀವು ಬೈಬಾರ್ದು."

"ಬೈಯದೆ ಕಬ್ಬಿಣ ಕರಗುತ್ತೇನ್ರೀ?"

"ಕರಗಿಸ್ಬೇಕು. ಬೈದಿದ್ದು ಕೇಳಿದ್ರೆ ಕೆಲಸದವರನ್ನ ಹಿಂಸೆ ಮಾಡೋ ಜಾಗ ಅಂತ ಬರ್ಕೋತಾರೆ."

ಹಾಗಾಗಿ ಪೊರಕೆ ಸಂಗ್‌ಪಿಲ್ ಕೈಗೆ ಬಂತು. ಮ್ಯೊಂಗ್‌ಜಾ ಮೊದಲೇ ಹೇಳಿಬಿಟ್ಟಿದ್ದಳು: "ಅಡುಗೆ ನನ್ನದು, ಲೆಕ್ಕ ನನ್ನದು, ಗಾಡಿ ಓಡಿಸಿ ಹಂಡೆ ಮುಟ್ಟಿಸೋದು ನನ್ನದು. ಬೂದಿ ನಿಮ್ಮದು."

ಮೊದಲ ದಿನ ಯಜಮಾನ ಗುಡಿಸುವುದನ್ನು ನೋಡಲಾರದೆ ಬಖ್ತಿಯಾರ್ ಗೋಡೆ ಕಡೆ ತಿರುಗಿ ಕೂತ. ಎರಡನೇ ದಿನ ಓರೆಗಣ್ಣಲ್ಲಿ ನೋಡಿದ. ವಾರ ಕಳೆಯುವಷ್ಟರಲ್ಲಿ ತಪ್ಪು ಹಿಡಿಯಲು ಶುರು ಮಾಡಿದ. ಒಂಬತ್ತು ವರ್ಷ ತಾನೇ ಗುಡಿಸಿದ್ದ ಅಂಗಳ. ಯಾವ ಮೂಲೆಯಲ್ಲಿ ಬೂದಿ ಅಡಗುತ್ತದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೈಯುವ ಹಾಗಿಲ್ಲದೆ ಸಂಗ್‌ಪಿಲ್ ಹಲ್ಲು ಕಚ್ಚಿ ಗುಡಿಸಿದ.

ಪ್ಯೋ ಅನ್ನುವ ಅಧಿಕಾರಿ ಬಂದದ್ದು ಅಂಥ ಒಂದು ಮಧ್ಯಾಹ್ನ. ತಲೆಗೆ ಟವೆಲು, ಮೂಗಿಗೆ ಬಟ್ಟೆ, ಮೈತುಂಬ ಬೂದಿಯಾಗಿ ಸಂಗ್‌ಪಿಲ್ ಅಂಗಳದಲ್ಲಿದ್ದ. ಕೈಯಲ್ಲಿ ಚರ್ಮದ ಚೀಲ ಹಿಡಿದ ಒಬ್ಬ ಗೇಟಿನಲ್ಲಿ ನಿಂತು, "ಮಾಲೀಕರು ಇದ್ದಾರಾ?" ಅಂದ.

ಚರ್ಮದ ಚೀಲದವರು ಕಾರ್ಖಾನೆಗೆ ಬರುವುದು ಎರಡೇ ಕಾರಣಕ್ಕೆ, ವಿಮೆ ಮಾರಲು ಇಲ್ಲ ನೀರು ಸೋಸುವ ಯಂತ್ರ ಮಾರಲು. ಅಂಥವರಿಗೆ ಕೊಡುವ ಉತ್ತರ ಸಂಗ್‌ಪಿಲ್ ಬಾಯಿಂದ ತಾನಾಗಿ ಬಂತು: "ಇಲ್ಲ. ಯಾವಾಗ ಬರ್ತಾರೋ ಗೊತ್ತಿಲ್ಲ."

ಪ್ಯೋ ಒಳಗೆ ಹೋದ. ಆಗಷ್ಟೇ ಎರಕ ಹೊಯ್ದು ಮುಗಿಸಿದ್ದ ಬಖ್ತಿಯಾರ್ ಯಜಮಾನನ ಕುರ್ಚಿಯಲ್ಲಿ ಕಾಲು ಚಾಚಿ ಬಾರ್ಲಿ ಚಹಾ ಕುಡಿಯುತ್ತಿದ್ದ. ದಣಿದಿದ್ದೀಯ, ಕೂತ್ಕೋ ಅಂತ ಮ್ಯೊಂಗ್‌ಜಾಳೇ ಕೂರಿಸಿ ಹೋಗಿದ್ದಳು. ಪ್ಯೋ ಇನ್ನೂ ಬಾಯಿ ತೆರೆದಿರಲಿಲ್ಲ, ಬಖ್ತಿಯಾರ್ ಕಿಟಕಿಯಿಂದ ಕೂಗಿದ: "ಆ ಮೂಲೆ ಬಿಟ್ಟುಹೋಯ್ತು! ಅಲ್ಲಲ್ಲ, ಈ ಕಡೆ! ಕಣ್ಣು ಕಾಣಲ್ವಾ?"

ಅಂಗಳದ ಮುದುಕ ಆ ಮೂಲೆಗೆ ಹೋಗಿ ಗುಡಿಸಿದ. ಪ್ಯೋ ಅಷ್ಟನ್ನು ಬರೆದುಕೊಂಡು ಬಂದ ದಾರಿಯಲ್ಲೇ ಹೊರಟುಹೋದ.

ಹತ್ತು ದಿನದಲ್ಲಿ ಕಾಗದ ಬಂತು. ನಾಮ್ ಮೇಡಂ ಅದನ್ನು ಓದಿ ಕನ್ನಡಕ ತೆಗೆದಿಟ್ಟರು. "ಯಜಮಾನ್ರೇ, ಈ ಕಾರ್ಖಾನೆ ನಿಮ್ಮದಲ್ಲ ಅಂತಿದ್ದಾರೆ. ನಿಜವಾದ ಮಾಲೀಕ ಬಖ್ತಿಯಾರ್ ಅಂತೆ. ನಿಮ್ಮ ಹೆಸರು ಬಾಡಿಗೆಗೆ ತಗೊಂಡು, ತನಗೆ ತಾನೇ ವೀಸಾ ಮಾಡಿಸ್ಕೋತಿದ್ದಾನೆ ಅಂತ ಅನುಮಾನ."

"ಮತ್ತೆ ನಾನು?"

"ನೀವು ಅಲ್ಲಿ ಇರ್ಲೇ ಇಲ್ಲ. ಇದ್ದದ್ದು ಈ ಎಪ್ಪತ್ತು ವರ್ಷದ ಮುದುಕ." ನಾಲ್ಕನೇ ಸಾಲು ತೋರಿಸಿದರು. "ಯಾರಿವರು?"

ಸಂಗ್‌ಪಿಲ್ ಹೇಳಿದ. ಮೇಡಂ ಹಣೆ ಹಿಡಿದುಕೊಂಡರು. "ಅದನ್ನ ಮಾತ್ರ ಬಾಯಿಬಿಡಬೇಡಿ. ಅಧಿಕಾರಿಗೇ ಸುಳ್ಳು ಹೇಳಿದ ಹಾಗಾಗುತ್ತೆ, ಅರ್ಜಿ ಅಲ್ಲಿಗೇ ಸತ್ತುಹೋಗುತ್ತೆ. ಗುರುವಾರ ಮತ್ತೆ ಬರ್ತಾರಂತೆ. ಯಜಮಾನ್ರ ಹಾಗೆ ಕಾಣಿ, ಸಾಕು."

ಯಜಮಾನನ ಹಾಗೆ ಕಾಣಲು ಮಗಳ ಮದುವೆಗೆ ಹೊಲಿಸಿದ್ದ ಕೋಟು ಹೊರಗೆ ಬಂತು. ಗುರುವಾರ ಬೆಳಗ್ಗೆಯಿಂದ ಸಂಗ್‌ಪಿಲ್ ಕುಲುಮೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೋಟಿನಲ್ಲಿ ಬೆವರುತ್ತ ಕೂತ. ಕೋಟಿನವನು ಗುಡಿಸುವ ಹಾಗಿಲ್ಲ, ಕುಶಲನೂ ಗುಡಿಸುವ ಹಾಗಿಲ್ಲ. ಮೂರು ದಿನದ ಬೂದಿ ಅಂಗಳದಲ್ಲಿ ಹಾಗೇ ಇತ್ತು. ಬಖ್ತಿಯಾರ್ ಆಗಲೇ ತನ್ನ ಪೆಟ್ಟಿಗೆಗೆ ಹಗ್ಗ ಬಿಗಿದು ಬಾಗಿಲ ಬಳಿ ಇಟ್ಟಿದ್ದ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಸಂಗ್‌ಪಿಲ್ ಕುರ್ಚಿಯನ್ನು ಇನ್ನಷ್ಟು ಆಚೆ ತಿರುಗಿಸಿಕೊಳ್ಳುತ್ತಿದ್ದ.

ಪ್ಯೋ ಬಂದ. ಕೋಟಿನ ಯಜಮಾನನಿಗೆ ತಲೆಬಾಗಿ ವಂದಿಸಿದ. ಗುರುತು ಸಿಕ್ಕಲಿಲ್ಲ.

"ಬಖ್ತಿಯಾರ್ ಅವರೇ," ಅಂದ ಸಂಗ್‌ಪಿಲ್, ಹುಟ್ಟಿದಾಗಿನಿಂದ ಆಡದ ದನಿಯಲ್ಲಿ, "ತಮಗೆ ತೊಂದರೆ ಇಲ್ಲ ಅಂದ್ರೆ ಕುಲುಮೆ ಒಂಚೂರು ನೋಡ್ತೀರಾ?"

ಬಖ್ತಿಯಾರ್ ಹೆದರಿ ಮ್ಯೊಂಗ್‌ಜಾಳ ಮುಖ ನೋಡಿದ. ಪ್ಯೋ ಏನೋ ಬರೆದುಕೊಂಡ.

"ಕಬ್ಬಿಣ ಹೊಯ್ಯೋ ಹೊತ್ತು ಯಾರು ಗೊತ್ತುಮಾಡ್ತಾರೆ?"

"ಅವರೇ." ಅದು ನಿಜ.

"ಕರಗಿದ ಕಬ್ಬಿಣದ ಮೇಲಿನ ಕಿಟ್ಟ ತೆಗೆಯೋ ಕೊಕ್ಕೆ ಎಲ್ಲಿರುತ್ತೆ?"

ಸಂಗ್‌ಪಿಲ್ ಸುತ್ತ ನೋಡಿದ. ಜಾಗ ಬದಲಿಸಿ ಎರಡು ವರ್ಷವಾಗಿತ್ತು, ಬಖ್ತಿಯಾರ್‌ನೇ ಬದಲಿಸಿದ್ದ. "ಅವರನ್ನ ಕೇಳಿ."

ಪ್ಯೋ ಮತ್ತೆ ಬರೆದ. ಆಮೇಲೆ ಅಂಗಳದ ಕಡೆ ನೋಡಿ, "ಇಲ್ಲಿ ಕಸ ಗುಡಿಸ್ತಿದ್ರಲ್ಲ, ಆ ವಯಸ್ಸಾದವರು ಎಲ್ಲಿ? ಕೆಲಸದವರ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ವಿಮೆ ಮಾಡಿಸಿಲ್ವಾ ಅವರಿಗೆ?" ಅಂದ.

ಸಂಗ್‌ಪಿಲ್ ಲೆಕ್ಕ ಹಾಕಿದ. ಆ ಮುದುಕ ಇದ್ದಾನೆ ಅಂದರೆ ಪಟ್ಟಿಯಲ್ಲಿಲ್ಲದ ಆಳು. ಇಲ್ಲ ಅಂದರೆ ಅಧಿಕಾರಿ ಕಣ್ಣಾರೆ ಕಂಡಿದ್ದಾನೆ. ನಾನೇ ಅಂದರೆ ಸುಳ್ಳುಗಾರ. "ಅವರು... ಅವರಿಗೆ ಮೈ ಸರಿಯಿಲ್ಲ" ಅಂದ.

"ಯಾವ ಆಸ್ಪತ್ರೆ?"

ಆಗ ಬಖ್ತಿಯಾರ್ ಗೋಡೆಯ ಗೂಟದ ಮೇಲಿದ್ದ ಒಂದು ಹಳೆಯ ಹಂಡೆಗೆ ಕೈ ಹಾಕಿದ. ಅದು ಸಂಗ್‌ಪಿಲ್‌ನ ಅಪ್ಪ ಈ ಕುಲುಮೆಯಲ್ಲಿ ಹೊಯ್ದ ಮೊದಲ ಹಂಡೆ. ಮಾರಾಟಕ್ಕಲ್ಲ, ವರ್ಷಕ್ಕೊಮ್ಮೆ ಅಪ್ಪನ ತಿಥಿಗೆ ಅದರಲ್ಲಿ ಅನ್ನವಾಗುತ್ತಿತ್ತು. ಬಖ್ತಿಯಾರ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಎದೆಯ ಮಟ್ಟಕ್ಕೆ ತಂದ. ಬಿಟ್ಟ.

ಕಾಂಕ್ರೀಟಿನ ಮೇಲೆ ಬಿದ್ದ ಎರಕದ ಹಂಡೆ ಗಾಜಿನ ಹಾಗೆ ಒಡೆದು ಮೂರು ಹೋಳಾಯಿತು.

"ಕೈ ಜಾರ್ತು" ಅಂದ.

"ಲೇ ಕತ್ತೇ!" ಕುರ್ಚಿ ಹಿಂದಕ್ಕೆ ಉರುಳಿತು. "ಕೈ ಜಾರ್ತಾ? ಕೈ ಕಾಲು ಎಲ್ಲಾ ಜಾರ್ಸ್ತೀನಿ ಬಾ! ನಮ್ಮಪ್ಪನ ಹಂಡೆನೋ ಅದು! ನನ್ನ ಕುರ್ಚಿಲಿ ಕೂತು ನನ್ನ ಚಹಾ ಕುಡಿದು ನನ್ನ ಕೈಲೇ ಮೂಲೆ ಮೂಲೆ ಗುಡಿಸಿದ್ದು ಸಾಲ್ದೇನೋ ನಿನಗೆ? ತಿಂಗಳಿಂದ ಬಾಯಿ ಹೊಲ್ಕೊಂಡಿದ್ದೀನಿ! ಮತ್ತೆ ನೀನು," ಪ್ಯೋ ಕಡೆ ತಿರುಗಿದ, "ಯಾವ ಆಸ್ಪತ್ರೆನಾ? ಆ ಮುದುಕ ನಾನೇ ಕಣಯ್ಯಾ! ಐವತ್ತೆಂಟು ನನಗೆ! ಐವತ್ತೆಂಟು!"

ಪ್ಯೋನ ಪೆನ್ನು ನಿಂತಿತು. "ಮತ್ತೆ ಅವತ್ತು ಮಾಲೀಕರು ಇಲ್ಲ ಅಂದವರು..."

"ನಾನೇ! ವಿಮೆ ಮಾರೋನು ಅನ್ಕೊಂಡೆ ನಿನ್ನ! ಆ ಚೀಲ ಹಿಡ್ಕೊಂಡು ಬಂದ್ರೆ ಇನ್ನೇನ್ ಅನ್ಕೋಬೇಕು?"

"ಯಜಮಾನ್ರೇ!" ಬಖ್ತಿಯಾರ್ ಅದಕ್ಕಿಂತ ಜೋರಾಗಿ ಕೂಗಿದ. "ಆಮೇಲೆ ಬೈರಿ! ಬಣ್ಣ ಬಂತು! ಆ ಹಾಳು ಕೋಟು ಬಿಚ್ಚಿ, ಸುಟ್ಕೋತೀರಿ!"

ಸಂಗ್‌ಪಿಲ್ ಕೋಟನ್ನು ಪ್ಯೋನ ತೋಳಿನ ಮೇಲೆ ಎಸೆದು ಸೌಟಿನ ಇನ್ನೊಂದು ಹಿಡಿ ಹಿಡಿದ. ಒಬ್ಬ ಭುಜ ತಗ್ಗಿಸಿದ, ಒಬ್ಬ ತುದಿಗಾಲಲ್ಲಿ ನಿಂತ, ಸೌಟು ಮಟ್ಟವಾಯಿತು. "ಈಗ" ಅಂದ ಬಖ್ತಿಯಾರ್. ಕಬ್ಬಿಣ ಒಂದು ಹನಿ ಆಚೆ ಚೆಲ್ಲದೆ ಅಚ್ಚಿನೊಳಗೆ ಇಳಿಯಿತು. ಅಷ್ಟು ಹೊತ್ತೂ ಇಬ್ಬರೂ ಬೈದಾಡುತ್ತಲೇ ಇದ್ದರು.

ಪ್ಯೋ ಕೋಟು ಹಿಡಿದುಕೊಂಡು ನೋಡುತ್ತ ನಿಂತಿದ್ದ. ಕೊನೆಗೆ ಬಖ್ತಿಯಾರ್‌ನನ್ನು ಕೇಳಿದ, "ದಿನಾ ಹೀಗೇನಾ ಇವರು?"

"ಇವತ್ತು ಕೋಟು ಹಾಕಿದ್ರಲ್ಲ, ಸ್ವಲ್ಪ ಕಮ್ಮಿ."

"ಕಷ್ಟ ಆಗಲ್ವಾ?"

"ನಾನೂ ಬೈತೀನಲ್ಲ ಸಾರ್."

ಮಾಲೀಕ ಯಾರು ಅನ್ನುವ ಅನುಮಾನ ಉಳಿದಿರಲಿಲ್ಲ. ಪ್ಯೋ ಹಿಂದೆ ಬರೆದದ್ದರ ಮೇಲೆ ಗೀಟು ಎಳೆದ. ಹೋಗುವಾಗ ಗೇಟಿನಲ್ಲಿ ನಿಂತು ಸಂಗ್‌ಪಿಲ್‌ನನ್ನು ಇನ್ನೊಮ್ಮೆ ತಲೆಯಿಂದ ಕಾಲವರೆಗೆ ನೋಡಿ, "ನಿಜವಾಗ್ಲೂ ಐವತ್ತೆಂಟಾ?" ಅಂದ. ಮ್ಯೊಂಗ್‌ಜಾ ಗಂಡನ ತೋಳು ಹಿಡಿದುಕೊಂಡಳು.

ಮೂರನೇ ವಾರ ವೀಸಾ ಬಂತು. ಬಖ್ತಿಯಾರ್ ಪೆಟ್ಟಿಗೆಯ ಹಗ್ಗ ಬಿಚ್ಚಿದ. ಅವತ್ತೇ ಸಂಜೆ ಹಂಡೆಯ ಮೂರು ಹೋಳು ಎತ್ತಿಕೊಂಡು ಯಜಮಾನನ ಮುಂದೆ ನಿಂತ.

"ಇದನ್ನೇ ಕರಗಿಸಿ ಮತ್ತೆ ಹೊಯ್ದುಕೊಡ್ತೀನಿ. ನನ್ನ ಬಾಕಿ ತೀರಿಹೋಗ್ಲಿ."

"ಮುಟ್ಬೇಡ. ಇಡು ಅಲ್ಲೇ."

"ಕೈ ಜಾರಿ ಬಿದ್ದಿದ್ದು, ಯಜಮಾನ್ರೇ."

ಸೌಟು ಹಿಡಿದಂದಿನಿಂದ ಕಾದ ಕಬ್ಬಿಣದ ಒಂದು ಹನಿಯೂ ಚೆಲ್ಲದ ಕೈ ಅದು. ತನ್ನ ಬಾಯಿ ಬಿಡಿಸಲೆಂದೇ ಹಂಡೆ ಬಿಟ್ಟದ್ದು ಅಂತ ಸಂಗ್‌ಪಿಲ್‌ಗೆ ಗೊತ್ತಿತ್ತು. ಒಂಬತ್ತು ವರ್ಷದಿಂದ ಹೇಳದ ಹೊಗಳಿಕೆಯ ಮಾತು ಒಂದು ತನ್ನ ಕಡೆಯಿಂದ ಬಾಕಿ ಇದೆ ಅಂತಲೂ ಗೊತ್ತಿತ್ತು. ಆ ಹಂಡೆ ಮತ್ತೆ ಗೂಟ ಹತ್ತಿಬಿಟ್ಟರೆ ಆಮೇಲೆ ಉಳಿಯುವ ಬಾಕಿ ತನ್ನದೊಂದೇ ಅಂತಲೂ. ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. ಬಖ್ತಿಯಾರ್ ಕಾದ.

"ಊಟ ಆಯ್ತೇನೋ?" ಅಂದ ಸಂಗ್‌ಪಿಲ್.

"ಇನ್ನೂ ಇಲ್ಲ."

"ಮತ್ತೆ ಇಲ್ಲಿ ಯಾಕೆ ಕಂಬದ ಹಾಗೆ ನಿಂತಿದ್ದೀಯ, ಕತ್ತೆ!"

ಅದಾಗಿ ಆರು ವರ್ಷ. ಹೋಳುಗಳು ಕುಲುಮೆಯ ಪಕ್ಕದಲ್ಲೇ ಇವೆ. ವರ್ಷಕ್ಕೊಮ್ಮೆ ಅಪ್ಪನ ತಿಥಿಯ ದಿನ ಬಖ್ತಿಯಾರ್ ಕರಗಿಸುತ್ತೇನೆ ಅನ್ನುತ್ತಾನೆ, ಸಂಗ್‌ಪಿಲ್ ಗಂಟಲು ಸರಿಮಾಡಿಕೊಳ್ಳುತ್ತಾನೆ, ಆಮೇಲೆ ಊಟವಾಯಿತಾ ಅಂತ ಕೇಳಿ ಪೊರಕೆ ಹಿಡಿದು ಅಂಗಳಕ್ಕೆ ಹೋಗುತ್ತಾನೆ. ಕಿಟಕಿಯಿಂದ ಕೂಗು ಬರುತ್ತದೆ: "ಆ ಮೂಲೆ ಬಿಟ್ಟುಹೋಯ್ತು!"