ಉಲ್ಕೆ ಕೂಗಿದ ಸುದ್ದಿ

ಆಂಟೆನಾ ಅಕ್ಕನಿಗೆ ಹೊಲಸು ಹೊಸದೇನಲ್ಲ. ಅವಳು ಕೆಲಸಕ್ಕಿದ್ದ ವೀಕ್ಷಣಾಲಯದ ತಾರಸಿಯ ಮೇಲೆ ಆಕಾಶಕ್ಕೆ ಮುಖ ಮಾಡಿ ಕೂತ ಕ್ಯಾಮೆರಾಗಳಿದ್ದವು, ಅವಕ್ಕೆ ಬುರುಡೆಯಂಥ ಗಾಜಿನ ಮುಚ್ಚಳ. ಊರಿನ ಪಾರಿವಾಳಗಳಿಗೆಲ್ಲ ಹಗುರಾಗಲು ಅದೇ ಜಾಗ ಬೇಕು. ಬೆಳಿಗ್ಗೆ ಬಂದವಳೇ ತೋಳು ಮೇಲಕ್ಕೆ ಮಡಚಿ, ಒದ್ದೆ ಬಟ್ಟೆಯಿಂದ ಹಿಕ್ಕೆಯನ್ನೆಲ್ಲ ಒರೆಸುತ್ತಿದ್ದಳು. ಆಮೇಲೆ ಕೆಳಗಿಳಿದು, ರಾತ್ರಿ ತೆಗೆದ ಚಿತ್ರಗಳಲ್ಲಿ ಯಾವುದು ನಿಜವಾದ ಉಲ್ಕೆ, ಯಾವುದು ಬರೀ ಪತಂಗ ಎಂದು ಬೇರ್ಪಡಿಸಲು ಕೂರುತ್ತಿದ್ದಳು.

ಮೊದಲು ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುತ್ತಿದ್ದವಳು. ಯಂತ್ರಗಳು ಬಂದು ಆ ಕೆಲಸಕ್ಕೆ ಕಲ್ಲು ಬಿದ್ದಾಗ, ವೀಕ್ಷಣಾಲಯದ ನಿರ್ದೇಶಕರೇ ಕರೆದು ಕೆಲಸ ಕೊಟ್ಟರು. ಅವರಿಗೆ ಚುರುಕು ಕಿವಿ ಬೇಕಿತ್ತು. ಆಕಾಶದಲ್ಲಿ ನೂರು ಕಿಲೋಮೀಟರ್ ಎತ್ತರದಲ್ಲಿ ಮರಳಿನ ಕಣದಂಥ ಉಲ್ಕೆಯೊಂದು ಉರಿದರೂ ಅದರ ಹಿಂದೆ ವಿದ್ಯುತ್ತು ತುಂಬಿದ ಗಾಳಿಯ ಗೆರೆಯೊಂದು ಮೂಡುತ್ತದೆ. ಎಲ್ಲೋ ದೂರದ ರೇಡಿಯೋ ಕೇಂದ್ರದ ಅಲೆ, ನೇರವಾಗಿ ಇಲ್ಲಿಗೆ ಮುಟ್ಟಲಾರದ್ದು, ಆ ಗೆರೆಗೆ ಬಡಿದು ಕ್ಷಣಕಾಲ ಕೆಳಗೆ ಚಿಮ್ಮುತ್ತದೆ. ತಾರಸಿಯ ಆಂಟೆನಾ ಅದನ್ನು ಹಿಡಿದರೆ ಹೆಡ್‌ಫೋನಿನಲ್ಲಿ ‘ಕುಂಯ್’ ಎಂದು ಸಣ್ಣದೊಂದು ಸಿಳ್ಳೆ. ಗೆರೆ ಚದುರಿದರೆ ಸಿಳ್ಳೆಯೂ ಮುಗಿಯಿತು. ಕ್ಯಾಮೆರಾಗಳಿಗೆ ಕತ್ತಲೆ ಬೇಕು. ರೇಡಿಯೋಗೆ ಹಗಲಾದರೂ ಅಷ್ಟೇ, ಇರುಳಾದರೂ ಅಷ್ಟೇ.

“ಹೌದು ಅನ್ನೋದು ಆಮೇಲೆ. ಮೊದಲು ಅಲ್ಲದ್ದನ್ನ ಅಲ್ಲ ಅನ್ನೋಕೆ ಕಲೀರಿ,” ಎಂದು ನಿರ್ದೇಶಕರು ಪಕ್ಕದಲ್ಲಿ ಕೂತು ಕಲಿಸಿದ್ದರು. ವಿಮಾನದ ಪ್ರತಿಧ್ವನಿ ಎಳೆದಾಡುತ್ತದೆ, ಮಿಂಚಿನದು ಕರಕರ ಎನ್ನುತ್ತದೆ. ಅವರ ಆ ತಾಳ್ಮೆಗೆ ಅವಳು ಮನಸ್ಸಿನಲ್ಲೇ ಕೈ ಮುಗಿದಿದ್ದಳು. ಮನೆಯಲ್ಲಿ ಗಂಡನಿಗೆ ಮಾತುಮಾತಿಗೂ “ನಮ್ಮ ಸರ್ ಹಾಗಲ್ಲ” ಎನ್ನುತ್ತಿದ್ದಳು. ಬಸ್ಸು ಓಡಿಸುವ ಗಂಡ, “ನಿಮ್ಮ ಸರ್ ನಮ್ಮ ಬಸ್ಸು ಹತ್ತಲಿ, ಚಿಲ್ಲರೆ ಇಟ್ಕೊಂಡಿರ್ತಾರಾ ನೋಡೋಣ,” ಎಂದು ಕಾಲೆಳೆಯುತ್ತಿದ್ದ.

ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯುವಷ್ಟರಲ್ಲಿ ಹೆಡ್‌ಫೋನಿನಲ್ಲಿ ಸಿಳ್ಳೆ ಎದ್ದಿತು. ಎದ್ದದ್ದು ನಿಲ್ಲಲೇ ಇಲ್ಲ. ಮೇಲಿನ ಗಾಳಿಗೆ ಗೆರೆ ತಿರುಚಿಕೊಂಡಂತೆ ಏರಿತು, ಇಳಿಯಿತು, ಮತ್ತೆ ಏರಿತು. ಅವಳು ಕೂಗಿ ಕರೆದಳು, ನಿರ್ದೇಶಕರು ಚಪ್ಪಲಿ ಮರೆತು ಓಡಿಬಂದರು. ಹೊರಗೆ ರಸ್ತೆಯ ಜನ ಕೂಡ ನೀಲಿ ಆಕಾಶದಲ್ಲಿ ಬೆಳ್ಳಗಿನ ಬೆಂಕಿ ಗೀಟು ಕಂಡು ಕೈ ತೋರಿಸುತ್ತಿದ್ದರು. ಹಗಲಲ್ಲೇ ಕಾಣುವಂಥ ಉಲ್ಕೆ! ಪಕ್ಕದ ಊರಿನಲ್ಲೂ ಉಲ್ಕೆ ನೋಡುವ ಸಣ್ಣ ಕೇಂದ್ರವೊಂದಿತ್ತು; ಅಲ್ಲಿಯ ಎಂಜಿನಿಯರ್ ಫೋನ್ ಮಾಡಿ, “ನಮಗೂ ಸಿಕ್ತು! ನಮಗೂ ಸಿಕ್ತು!” ಎಂದು ಮಗುವಿನ ಹಾಗೆ ಕುಣಿದ. ಅವಳಿಗಂತೂ ಊಟವೇ ಬೇಡವಾಯಿತು.

ಆ ಸಂತೋಷದ ಬೆನ್ನಿಗೇ ಟಿವಿಯವನು ಬಂದ. ನುಣ್ಣಗೆ ಬಾಚಿದ ತಲೆ, ಜೇಬಿಗೊಂದು ಪೆನ್ನು. ರೆಕಾರ್ಡಿಂಗ್ ಕೇಳಿ ಮುಖ ಸಪ್ಪೆ ಮಾಡಿದ.

“ಇಷ್ಟೇನಾ? ಪ್ರೆಶರ್ ಕುಕ್ಕರ್ ಇದಕ್ಕಿಂತ ಜೋರಾಗಿ ಕೂಗುತ್ತೆ.”

“ಇಷ್ಟೇ,” ಎಂದಳು. ಅವನು ಮೈಕು ಹಿಡಿದಾಗ ಮೂರು ಸಲ ಬಿಡಿಸಿ ಹೇಳಿದಳು: “ನೋಡಿ, ನೀವು ಕೇಳ್ತಿರೋ ಈ ಸದ್ದು ಉಲ್ಕೆ ಕೂಗಿದ್ದು ಅಲ್ಲ. ಯಾವುದೋ ರೇಡಿಯೋ ಕೇಂದ್ರದ ಅಲೆ, ಅಷ್ಟೇ.” ನಿರ್ದೇಶಕರು ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದರು.

ಸಂಜೆ ಮನೆಯವರೆಲ್ಲ ಟಿವಿಗೆ ಮುಗಿಬಿದ್ದರು. ಕೆಳಮನೆಯ ನಾದಿನಿ ಅಡುಗೆ ಅರ್ಧಕ್ಕೆ ಬಿಟ್ಟು ಹತ್ತಿ ಬಂದಿದ್ದಳು. ಪರದೆಯ ಮೇಲೆ ಆಕಾಶ ಸಿಡಿಯಿತು, ಹೆಂಗಸೊಬ್ಬಳು ಕಿರುಚಿದಂಥ ಸದ್ದು ಬಂತು, ಅದರ ಹಿಂದೆ ಗುಡುಗು. ಆಮೇಲೆ ಅವಳ ಮುಖ ದೊಡ್ಡದಾಗಿ ಕಾಣಿಸಿತು. ಅವಳದೇ ಬಾಯಿ ಹೇಳಿತು: “ನೀವು ಕೇಳ್ತಿರೋ ಈ ಸದ್ದು ಉಲ್ಕೆ ಕೂಗಿದ್ದು.”

ಅಷ್ಟಕ್ಕೇ ನಿಂತಿತು. ‘ಅಲ್ಲ’ ಎಂಬುದನ್ನು ಬಾಲದ ಹಾಗೆ ಕತ್ತರಿಸಿ ಎಸೆದಿದ್ದರು.

“ಅತ್ತಿಗೆ! ಎಷ್ಟು ಚೆನ್ನಾಗಿ ಹೇಳಿದೀರಿ! ನನಗೆ ಮೈ ಜುಮ್ಮಂತು,” ಎಂದು ನಾದಿನಿ ತಬ್ಬಿಕೊಂಡಳು. ಆಂಟೆನಾ ಅಕ್ಕ ಅವಳ ಕೈ ಬಿಡಿಸಿಕೊಂಡಳು. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. ತನ್ನ ಬಾಯಿಗೆ ಯಾರೋ ಗೊತ್ತಿಲ್ಲದವನು ಬೆರಳು ಹಾಕಿ ತಿರುವಿದಂತಿತ್ತು. ವಾರ ಕಳೆಯುವುದರೊಳಗೆ ಆ ಕಿರುಚಾಟ ನಾದಿನಿಯ ಫೋನಿನ ರಿಂಗ್‌ಟೋನ್ ಆಯಿತು, ಕ್ಷೌರದಂಗಡಿಯಲ್ಲಿ ನಗೆಯಾಯಿತು, ರಸ್ತೆಯ ಮಕ್ಕಳ ಬಾಯಲ್ಲಿ ಆಟವಾಯಿತು.

ಟಿವಿಯಲ್ಲಿ ಬಂದ ಮಾರನೆಯ ಬೆಳಿಗ್ಗೆಯೇ ಅವಳು ನಿರ್ದೇಶಕರ ಕೋಣೆಗೆ ಹೋಗಿದ್ದಳು.

“ಸರ್, ಅದನ್ನ ಸರಿ ಮಾಡಿಸಿ. ನೀವು ಹೇಳಿದ್ರೆ ಕೇಳ್ತಾರೆ.”

“ಒಂದು ಪದ ತಾನೇ ಬಿಡೀಮ್ಮ. ಜನ ಉಲ್ಕೆ ಬಗ್ಗೆ ಮಾತಾಡ್ತಿದ್ದಾರಲ್ಲ, ಅದು ಮುಖ್ಯ.”

“ಆ ಒಂದು ಪದಾನೇ ಅಲ್ವಾ ಸರ್ ನೀವು ನನಗೆ ಕಲಿಸಿದ್ದು?”

ಅವರು ಕನ್ನಡಕ ಒರೆಸಿದರು. ಮುಖ ಎತ್ತಲಿಲ್ಲ. “ಟಿವಿಯವರ ಹತ್ತಿರ ನಾನೇ ಹೂಂ ಅಂದಿದ್ದೆ,” ಎಂದರು ಮೆಲ್ಲಗೆ. “‘ಅಲ್ಲ’ ತೆಗೆದ್ರೆ ಕೇಳೋಕೆ ಚೆನ್ನಾಗಿರುತ್ತೆ ಅಂದ್ರು.”

ಅದುವರೆಗೂ ಅವಳ ಅಸಹ್ಯವೆಲ್ಲ ಆ ನುಣ್ಣನೆ ತಲೆಯವನ ಮೇಲಿತ್ತು. ಈಗ ಅದು ಮೇಜಿನಾಚೆ ಕೂತ, ತಾನು ಅಷ್ಟು ವರ್ಷ ಗೌರವಿಸಿದ ಆ ಮನುಷ್ಯನ ಕಡೆ ತಿರುಗಿತು. ಅವರ ಕೈಯ ಕರವಸ್ತ್ರ, ಅವರು ಟೀ ಸೊರ್ ಎಂದು ಹೀರುವ ರೀತಿ, ಯಾವುದನ್ನೂ ನೋಡಲಾಗಲಿಲ್ಲ.

ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ಬಂತು. ಪ್ರವೇಶದ್ವಾರದಲ್ಲಿ ಒಂದು ಪೆಟ್ಟಿಗೆ, ಅದಕ್ಕೊಂದು ಕೆಂಪು ಗುಂಡಿ; ಒತ್ತಿದರೆ ಅದೇ ಕಿರುಚಾಟ. ಅವಳನ್ನೇ ಅದರ ಪಕ್ಕದಲ್ಲಿ ನಿಲ್ಲಿಸಿದರು. ಅವಳು ಬಂದವರಿಗೆಲ್ಲ ನಿಜ ಹೇಳತೊಡಗಿದಳು. ಜನ ಆಕಳಿಸಿದರು. ತಾಯಿಯೊಬ್ಬಳು ಅವಳ ಮಾತಿನ ನಡುವೆಯೇ ಮಗಳ ಕೈ ಎಳೆದು, “ಗುಂಡಿ ಒತ್ತು ಪುಟ್ಟಿ, ಬೇಗ ಒತ್ತು,” ಎಂದಳು. ದಪ್ಪ ಮೀಸೆಯವನೊಬ್ಬ ಕೈಕಟ್ಟಿ ನಿಂತು ಕೇಳಿದ:

“ಟಿವೀಲಿ ಕೂಗಿದ್ದು ಅಂತ ಹೇಳಿದೋರು ನೀವೇ ಅಲ್ವಾ?”

“ನಾನು ಅಲ್ಲ ಅಂದಿದ್ದೆ. ಅವರು ಕತ್ತರಿಸಿದ್ರು.”

“ಹೆಸರು ಬರೋವರೆಗೂ ಹೌದು, ಬಂದ್ಮೇಲೆ ಅಲ್ಲ! ಒಳ್ಳೆ ಆಟ ಕಣ್ರೀ ನಿಮ್ದು.” ಸುತ್ತಲಿದ್ದವರು ಗೊಳ್ಳೆಂದು ನಕ್ಕರು.

ಅವಳ ಕಿವಿ ಕಾದು ಕೆಂಪಾಯಿತು. ಪೆಟ್ಟಿಗೆಯ ತಂತಿ ಕಿತ್ತು, ಅದನ್ನು ಕೈಯಲ್ಲಿ ಹಿಡಿದೇ ಒಳಗೆ ನಡೆದಳು. ಒಳಗೆ ನಿರ್ದೇಶಕರು ಅತಿಥಿಗಳ ನಡುವೆ ಕೇಕ್ ತಿನ್ನುತ್ತಿದ್ದರು. ತುಟಿಯ ಅಂಚಿಗೆ ಕೆನೆ ಮೆತ್ತಿತ್ತು. ತಂತಿಯನ್ನು ಅವರ ತಟ್ಟೆಯ ಪಕ್ಕ ಇಟ್ಟು, “ನಾಳೆಯಿಂದ ಬರಲ್ಲ ಸರ್,” ಎಂದಳು.

“ಎಲ್ಲರ ಮುಂದೆ ಇದೇನಿದು? ಇಷ್ಟು ಸಣ್ಣ ವಿಷಯಕ್ಕೆ?”

“ನನಗೆ ನಿಮ್ಮ ಹತ್ತಿರ ನಿಲ್ಲೋಕಾಗ್ತಿಲ್ಲ,” ಎಂದಷ್ಟೇ ಹೇಳಿ ಹೊರಬಿದ್ದಳು. ಅವಳು ಗೇಟು ದಾಟುವ ಮೊದಲೇ ಯಾರೋ ತಂತಿ ಮತ್ತೆ ಸಿಕ್ಕಿಸಿದ್ದರು. ಬೆನ್ನ ಹಿಂದೆ ಕಿರುಚಾಟ ಕೇಳಿಸಿತು, ಚಪ್ಪಾಳೆಯೂ ಕೇಳಿಸಿತು.

ಮನೆಯಲ್ಲಿ ಗಂಡ ಮೊದಲು ಗೊಣಗಿದ. “ಇರೋ ಕೆಲಸಾನೂ ಒದ್ದು ಬಂದ್ಯಲ್ಲೇ,” ಎಂದ. ಆಮೇಲೆ ಅವಳ ಮುಖ ನೋಡಿ, ಕೆಳಗಿಳಿದು ಹೋಗಿ ತಂಗಿಗೆ ಆ ರಿಂಗ್‌ಟೋನ್ ತೆಗೆಯೆಂದು ಗದರಿದ. ನಾದಿನಿ ತೆಗೆದಳು, ಆದರೆ ತಿಂಗಳುಗಟ್ಟಲೆ ಮುಖ ಊದಿಸಿಕೊಂಡೇ ಇದ್ದಳು.

ಪಕ್ಕದ ಊರಿನ ಎಂಜಿನಿಯರ್ ವಿಷಯ ತಿಳಿದು ತನ್ನ ಕೇಂದ್ರಕ್ಕೆ ಕರೆದ. ಈಗ ಅವಳು ದಿನಾ ಗಂಡನದೇ ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತಾಳೆ. ತಗಡಿನ ಶೆಡ್ಡು, ಮುರುಕು ಕುರ್ಚಿ. ಟಿವಿಯವರ ಕಾಲು ಅತ್ತ ತಿರುಗುವುದಿಲ್ಲ. ಒಂದೇ ಉಲ್ಕೆಯ ಎತ್ತರ ಗೊತ್ತಾಗಲು ಎರಡೂ ಊರಿನ ಕ್ಯಾಮೆರಾಗಳ ಲೆಕ್ಕ ಕೂಡಬೇಕು. ಅದಕ್ಕಾಗಿ ಆಗಾಗ ನಿರ್ದೇಶಕರ ಫೋನು ಬರುತ್ತದೆ. ಅವರಿಗೀಗ ಎಲ್ಲೋ ಸನ್ಮಾನವೂ ಆಗಿದೆಯಂತೆ. ಅವರು ಕೇಳಿದ ಅಂಕಿಗಳನ್ನೆಲ್ಲ ಅವಳು ಒಂದೂ ತಪ್ಪದಂತೆ ಓದಿ ಹೇಳುತ್ತಾಳೆ.

“ಹೇಗಿದ್ದೀರಮ್ಮ?” ಎಂದು ಅವರು ಕೊನೆಗೆ ಕೇಳುತ್ತಾರೆ.

ಅವಳು ಫೋನಿಟ್ಟು, ಎದ್ದು ಹೋಗಿ ಶೆಡ್ಡಿನ ಕಿಟಕಿ ತೆರೆದು, ಸ್ವಲ್ಪ ಹೊತ್ತು ಗಾಳಿಗೆ ಮುಖವೊಡ್ಡಿ ನಿಲ್ಲುತ್ತಾಳೆ.